ಒಂಬತ್ತನೆಯ ಪ್ರಶ್ನೆ

ತೋಳಿಲ್ಲದ ಹಳದಿ ಫ್ರಾಕು, ನುಣ್ಣನೆಯ ಪುಟ್ಟ ತೋಳು, ಹುಟ್ಟಿದಾಗ ಹಾಕಿಸಿದ ಚುಚ್ಚುಮದ್ದಿನ ಸಣ್ಣ ಚುಕ್ಕೆಯೊಂದು ಬಿಟ್ಟರೆ ಏನೂ ಇಲ್ಲ, ಸಂಧ್ಯಾಳ ಕಣ್ಣು ಅಲ್ಲೇ ನಿಂತಿತು, ನಿಲ್ಲಬಾರದು, ಕಣ್ಣು ಲಸಿಕೆ ಸಮೀಕ್ಷೆಯ ಫಾರಂ ಮೇಲಿರಬೇಕು, ಟ್ರೇನಿಂಗಿನಲ್ಲಿ ಹೇಳಿದ್ದರಲ್ಲ, ಪ್ರಶ್ನೆ ಓದುವಾಗ ನಗಬೇಡಿ, ತಲೆ ಆಡಿಸಬೇಡಿ, ಅವರು ತಿರುಗಿ ಏನಾದರೂ ಕೇಳಿದರೆ ಕೊನೆಗೆ ಹೇಳುತ್ತೇನೆ ಅನ್ನಿ. ಸೂರತ್ತಿನ ಅಡಾಜಣ್‌ನಲ್ಲಿ ಇವತ್ತಿಗೆ ಇದು ಆರನೆಯ ಮನೆ, ಐದರಲ್ಲಿ ಗುಜರಾತಿಯಲ್ಲಿ ಕೇಳಿ ಕೇಳಿ ನಾಲಿಗೆ ಒಣಗಿತ್ತು, ಇಲ್ಲಿ ಬಾಗಿಲು ತೆರೆದವಳು ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಮೇಘನಾ, ಅಯ್ಯೋ, ನೀವು ಕನ್ನಡದವ್ರಾ ಅಕ್ಕಾ, ಬನ್ನಿ ಬನ್ನಿ, ಎಂದು ಮಜ್ಜಿಗೆ ತಂದಿಟ್ಟು, ಹಳದಿ ಫ್ರಾಕಿನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಳು. ಒಂಬತ್ತನೆಯ ಪ್ರಶ್ನೆ — ಹುಷಾರಿಲ್ಲ ಎಂಬುದು ಬಿಟ್ಟು ಬೇರೆ ಕಾರಣಕ್ಕೆ ಮಗುವಿನ ಲಸಿಕೆ ಮುಂದೂಡಿದ್ದೀರಾ — ಹೌದು ಎಂದರೆ ಎರಡು ಅಂಕ, ಗೊತ್ತಿಲ್ಲ ಎಂದರೆ ಒಂದು, ಇಲ್ಲಕ್ಕೆ ಸೊನ್ನೆ, ತಾಯಂದಿರ ಹೆದರಿಕೆಯನ್ನು ಹೀಗೆ ಅಳೆಯಬಹುದೆಂದು ಕಂಡುಹಿಡಿದ ಪುಣ್ಯಾತ್ಮ ಯಾರೋ! ಮೇಘನಾ ಮಗಳ ಫ್ರಾಕಿನ ಅಂಚು ಎಳೆದೆಳೆದು ಸರಿಮಾಡುತ್ತಿದ್ದಾಳೆ, ಅದಕ್ಕೆ ಫಾರಂನಲ್ಲಿ ಚೌಕವಿಲ್ಲ, ಆಮೇಲೆ ಮೆಲ್ಲಗೆ, ಮುಂದೂಡಿದ್ದೀನಿ ಅಕ್ಕಾ, ದಡಾರದ್ದು ಎರಡನೇ ಡೋಸು, ವಾಟ್ಸಾಪಲ್ಲಿ ಏನೇನೋ ನೋಡಿ ಭಯ ಆಯ್ತು, ನಿಮಗೂ ಚಿಕ್ಕ ಮಗು ಇದ್ಯಾ, ನೀವೆಲ್ಲಾ ಹಾಕ್ಸಿದ್ದೀರಾ?

ಕೊನೆಗೆ ಹೇಳುತ್ತೇನೆ ಅನ್ನಬೇಕಿತ್ತು, ಹಾಕಿಸಿದ್ದೇನೆ ಎಂದು ಬಾಯಿಂದ ಬಂದುಬಿಟ್ಟಿತು, ಹಸಿ ಸುಳ್ಳು, ಮನೆಯಲ್ಲಿ ಎರಡೂವರೆ ವರ್ಷದ ಸಂಜನಾಳ ಕಾರ್ಡಿನಲ್ಲಿ ಅದೇ ಎರಡನೇ ಡೋಸಿನ ಸಾಲು ಖಾಲಿ, ಮೊದಲನೆಯದಕ್ಕೆ ಎರಡು ದಿನ ಜ್ವರ ಬಂದು ಮಗು ಕೊರಳು ಬಿಡದೆ ಅತ್ತಿತ್ತು, ಅಂದಿನಿಂದ ಮುಂದಿನ ವಾರ, ಮತ್ತೆ ಮುಂದಿನ ವಾರ, ಊರಿಗೆಲ್ಲ ಅಂಕ ಹಾಕುವವಳು ತನಗೆ ಹಾಕಿಕೊಂಡಿಲ್ಲ. ಅಮ್ಮ ಇದ್ದಿದ್ದರೆ ಬಯ್ಯುತ್ತಿದ್ದಳು — ಸೂರತ್ ಸ್ಟೇಷನ್ ಹತ್ತಿರ ಅಪ್ಪನ ಉಡುಪಿ ಹೋಟೆಲು, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಒಳಕೋಣೆಯಲ್ಲಿ ಅಕ್ಕಿ ಚೀಲಗಳ ಪಕ್ಕ ಚಾಪೆ, ಹುರಿದ ಕೊತ್ತಂಬರಿ ವಾಸನೆಯ ಅಮ್ಮನ ಸೀರೆ, ಅಮ್ಮನ ತೋಳಿನ ಮೇಲೆ ಸಿಡುಬಿನ ಲಸಿಕೆಯ ದಾಕು ಹಾಕಿದ ದುಂಡನೆಯ ಗುಳಿ, ಅದರಲ್ಲಿ ಬೆರಳಿಟ್ಟರೆ ಮಾತ್ರ ನಿದ್ದೆ, ಎಂಥ ನಿದ್ದೆ ಅದು, ಇನ್ನು ಈ ಜನ್ಮದಲ್ಲಿ ಸಿಗದು. ನೋವಾಗಿತ್ತಾ ಅಮ್ಮ? ಆಗದೆ ಮತ್ತೆ, ವಾರ ಇಡೀ ಕೈ ಎತ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ, ಬೈಹುಲ್ಲಿನ ರಾಶಿ ಹಿಂದೆ ಅಡಗಿದ್ದೆ, ನಿನ್ನ ಅಜ್ಜಿ ಎಳ್ಕೊಂಡು ಬಂದ್ರು, ಎಳೆಯುವಾಗ ಅವ್ರೂ ಅಳ್ತಿದ್ರು, ನನ್ನ ಅಕ್ಕ ಸಿಡುಬಲ್ಲಿ ಹೋಗಿ ವರ್ಷ ಆಗಿರ್ಲಿಲ್ಲ.

ಅಜ್ಜಿಗೂ ಹೆದರಿಕೆ, ಪೂರಾ ಎರಡು ಅಂಕದ ಹೆದರಿಕೆ, ಆದರೂ ಹಿಡಿದ ಕೈ ಬಿಡಲಿಲ್ಲ, ಆ ಗುಳಿಯಲ್ಲಿ ಬೆರಳಿಟ್ಟು ತಾನು ಬೆಳೆದದ್ದು — ನೀವೇ ಹಾಕ್ಸಿದ್ದೀರಲ್ಲ, ಹಾಗಾದ್ರೆ ನಾನೂ ಬುಧವಾರ ಹಾಕಿಸ್ತೀನಿ ಬಿಡಿ, ಎನ್ನುತ್ತಿದ್ದಾಳೆ ಮೇಘನಾ, ಎಷ್ಟು ನಂಬಿಕೆ ಆ ಮುಖದಲ್ಲಿ, ಸಂಧ್ಯಾಳಿಗೆ ನಾಚಿಕೆಯಾಯಿತು, ಮಜ್ಜಿಗೆಯ ಲೋಟ ಕೆಳಗಿಟ್ಟಳು. ಇಲ್ಲ ಮೇಘನಾ, ನಾನು ಸುಳ್ಳು ಹೇಳಿದ್ದು, ನನ್ನ ಮಗಳಿಗೂ ಹಾಕ್ಸಿಲ್ಲ, ನಂಗೂ ಹೆದರಿಕೆ, ಬುಧವಾರ ಒಟ್ಟಿಗೆ ಹೋಗುವ, ಆಗ್ಬಹುದಾ? ಮೇಘನಾ ಏನೋ ಹೇಳುತ್ತಿದ್ದಾಳೆ, ಪೆನ್ನು ಒಂಬತ್ತರ ಮೇಲೆ ನಿಂತಿದೆ, ಎದುರಿಗೆ ಹಳದಿ ಫ್ರಾಕಿನ ನುಣ್ಣನೆಯ ತೋಳು, ಸಂಜನಾಳ ತೋಳು, ಅಮ್ಮನ ತೋಳು, ದುಂಡನೆಯ ಗುಳಿ, ಅದರೊಳಗೆ ಬೆಚ್ಚಗೆ ಕೂತ ತನ್ನ ಬೆರಳು.