ಮಾವನವರ ಟವೆಲ್ಲಿನ ಕಾಶಿಯಾತ್ರೆ

ಕಾಶಿಯ ಸುಳ್ಳು ಹೇಳಿದವನು ಅನಂತರಾಜು, ಅದನ್ನು ಹೊತ್ತು ತಿರುಗಿದವಳು ಮಾತ್ರ ಅವನ ಹೆಂಡತಿ ಸಂಧ್ಯಾ. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಹೋದ ದೂರದ ಊರೆಂದರೆ ಅವಳ ತವರು ಕುಣಿಗಲ್ಲು. ಅವನಿಗೆ ಹಿರೇಹಳ್ಳಿಯ ಫ್ಯಾಕ್ಟರಿ, ಅವಳಿಗೆ ಗುಬ್ಬಿಯ ಸ್ಕೂಲು. ಈ ದಸರಾ ರಜೆಗೆ ಅವಳು ಹಟ ಹಿಡಿದು ಅಂಡಮಾನಿನ ದ್ವೀಪ, ಅಲ್ಲಿಂದ ಕೋಲ್ಕತ್ತ, ಆಮೇಲೆ ರೈಲಿನಲ್ಲಿ ಜೈಸಲ್ಮೇರಿನ ಮರಳುಗಾಡು ಎಂದು ಎಲ್ಲ ಬುಕ್ ಮಾಡಿಬಿಟ್ಟಳು. ಆದರೆ ಈ ವಯಸ್ಸಿನಲ್ಲಿ ಸುಮ್ಮನೆ ಮಜಾ ಮಾಡಲು ಹೋಗುತ್ತೇವೆ ಎಂದು ಅತ್ತೆಗೆ ಹೇಳುವುದು ಹೇಗೆ? ಸಿದ್ದಗಂಗಮ್ಮ, "ಎಲ್ಲಿಗ್ಲಾ ಸೂಟ್‌ಕೇಸು?" ಎಂದು ಗದರಿದ್ದೇ ತಡ, ತಲೆ ನರೆತ ಮಗ "ಕಾಶಿಗೆ ಕಣಮ್ಮ" ಅಂದುಬಿಟ್ಟ.

ಮುದುಕಿಯ ಕಣ್ಣು ತುಂಬಿತು. ಒಳಗೆ ಹೋಗಿ ಟ್ರಂಕಿನಿಂದ ತೀರಿಹೋದ ಗಂಡನ ಕೆಂಪಂಚಿನ ಟವೆಲ್ಲು ತಂದರು. "ನಿಮ್ಮಾವ ಊರು ಬುಟ್ಟು ಎಲ್ಗೂ ಹೋದೋರಲ್ಲ. ಇದ್ನಾದ್ರೂ ಗಂಗೇಲಿ ಬುಡು ಕಣವ್ವ" ಎಂದು ಸೊಸೆಯ ಕೈಗಿಟ್ಟರು. ಸಂಧ್ಯಾ ಅದನ್ನು ಮಡಿಸಿ ಬ್ಯಾಗಿಗಿಟ್ಟಳು. ಹೇಗೂ ಜೈಸಲ್ಮೇರಿನ ರೈಲು ಕಾಶಿಯ ಪಕ್ಕದ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ, ಅಲ್ಲಿಳಿದು ಗಂಗೆಯಲ್ಲಿ ಟವೆಲ್ಲು ಬಿಟ್ಟರೆ ಸುಳ್ಳು ನಿಜವಾಗುತ್ತದೆ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಅಂಡಮಾನಿನ ದೋಣಿಯಲ್ಲಿ ಅನಂತರಾಜು ತಿಂದದ್ದೆಲ್ಲ ಸಮುದ್ರಕ್ಕೆ ಒಪ್ಪಿಸಿದ. ದ್ವೀಪ ಮುಟ್ಟಿದವನೇ ತೆಂಗಿನ ಮರ ನೋಡಿ, "ನಮ್ ತೋಟದಂಗೆ ನುಸಿರೋಗ ಬಿದ್ದೇ ಇಲ್ವಲ್ಲೇ ಇಲ್ಲಿ!" ಎಂದು ಹೊಟ್ಟೆ ಉರಿದುಕೊಂಡ. ಈಜು ಬಾರದ ಸಂಧ್ಯಾ ಕನ್ನಡಕದಂಥ ಮುಖವಾಡ ತೊಟ್ಟು ನೀರಿಗೆ ಮುಖ ಅದ್ದಿ, ಬಣ್ಣಬಣ್ಣದ ಮೀನು ಕಂಡು ಕಿರುಚಿ, ಅರ್ಧ ಸಮುದ್ರ ಕುಡಿದಳು. ಕೋಲ್ಕತ್ತದಲ್ಲಿ ಯಾವುದೋ ಟ್ರಾಮು ಹತ್ತಿ ಯಾವುದೋ ಗಲ್ಲಿಯಲ್ಲಿಳಿದು ದಿನವಿಡೀ ಅಲೆದರು. ಆ ಸುಸ್ತಿಗೆ ರೈಲಿನಲ್ಲಿ ಎಂಥ ನಿದ್ದೆ ಹತ್ತಿತೆಂದರೆ, ಎದ್ದು ಕೇಳುವಷ್ಟರಲ್ಲಿ ಕಾಶಿ ಯಾವಾಗಲೋ ಹಿಂದಾಗಿತ್ತು.

"ಬುಡು, ವಾಪಸ್ ಬರ್ತಾ ನೋಡ್ಕೊಳಣ" ಎಂದ ಗಂಡ. ವಾಪಸ್ಸಿನ ಟಿಕೆಟ್ಟು ಬೇರೆ ದಾರಿಯದು. ರಜೆಯೂ ಮುಗಿಯುತ್ತಿತ್ತು.

ಮರಳುಗಾಡಿನಲ್ಲಿ ಗಾಳಿ ಎದ್ದಾಗ, ಒಂಟೆ ಏರಿ ಕೂತಿದ್ದ ಅನಂತರಾಜು ಬ್ಯಾಗಿಗೆ ಕೈಹಾಕಿ ಸಿಕ್ಕಿದ್ದನ್ನು ತಲೆಗೆ ಸುತ್ತಿಕೊಂಡ. ಒಂಟೆ ದಡಕ್ಕನೆ ಎದ್ದಿತು. ಹಿಂದಿನ ಒಂಟೆಯ ಮೇಲಿದ್ದ ಸಂಧ್ಯಾ ಬಯ್ಯಲು ಬಾಯಿ ತೆರೆದವಳು ಹಾಗೇ ನೋಡುತ್ತ ಕೂತಳು. ಕೆಂಪಂಚು, ಆ ಕುತ್ತಿಗೆ, ಆ ಬಾಗಿದ ಬೆನ್ನು. ತೋಟಕ್ಕೆ ಹೊರಟ ಮಾವನವರೇ!

ತುಮಕೂರಿನಲ್ಲಿ ಬಸ್ಸಿಳಿದು ಅನಂತರಾಜು ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯಲ್ಲಿ ಗಂಗೆಯ ತಾಲಿ ಕೊಂಡ. ಗಂಗಾಜಲ ತುಂಬಿ, ಮುಚ್ಚಿ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. "ನೀನು ಬಾಯ್ಬಿಡಬೇಡ ಅಷ್ಟೇ" ಎಂದ.

ಮನೆ ಮುಂದೆ ಶಾಮಿಯಾನ ಎದ್ದಿತ್ತು. ಅನಂತರಾಜುವಿನ ಸೋದರಮಾವ ಊರ್ಡಿಗೆರೆಯ ಚೌಡಪ್ಪ, ಕುಣಿಗಲ್ಲಿನ ಬೀಗರು, ಪಾಯಸದ ವಾಸನೆ. ಕಾಶಿಗೆ ಹೋಗಿ ಬಂದವರ ಪಾದ ತೊಳೆದು, ಚಿಕ್ಕವರಾದರೂ ಸರಿ, ಹಿರಿಯರೇ ಅಡ್ಡಬೀಳುವುದು ಅಲ್ಲಿನ ಪದ್ಧತಿ. ಸಿದ್ದಗಂಗಮ್ಮ ತಂಬಿಗೆ ಹಿಡಿದು ಬಂದು, ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಅದುಮಿಕೊಂಡು ಸೊಸೆಯ ಕಾಲಿಗೆ ಬಗ್ಗಿದರು.

ಸಂಧ್ಯಾ ಕಾಲು ಹಿಂದೆಳೆದುಕೊಂಡಳು. "ಬೇಡ ಅತ್ತೆ. ನಾವು ಕಾಶಿಗೆ ಹೋಗ್ಲೇ ಇಲ್ಲ."

ಎಲ್ಲ ಹೇಳಿದಳು. ಬ್ಯಾಗಿನಿಂದ ಟವೆಲ್ಲು ತೆಗೆದು ಮುಂದಿಟ್ಟಾಗ ನಾಚಿಕೆಯಿಂದ ಸತ್ತೇಹೋದಂತಾಗಿತ್ತು.

"ಅಂಗಡಿ ಗಂಗೇನ ಅಂಗ್ಡಿಗೇ ಕೊಟ್ಬಾರ್ಲಾ" ಎಂದರು ಸಿದ್ದಗಂಗಮ್ಮ ಮಗನಿಗೆ. "ಅದಕ್ಮುಂಚೆ ಇಬ್ರೂ ಎಲ್ರ ಕಾಲ್ಗೂ ಬೀಳಿ."

ಚೌಡಪ್ಪ ಮಾವನಿಂದ ಶುರುವಾಗಿ ಕೊನೆಯ ಬೀಗರವರೆಗೆ ಬಿದ್ದು ಎದ್ದು, ಒಂಟೆಯೂ ಮುರಿಯದ ಸೊಂಟ ಅಂದು ಮುರಿಯಿತು. ಪಾಯಸ ಮಾತ್ರ ಯಾರೂ ಬಿಡಲಿಲ್ಲ.

ನೆಂಟರು ಹೊರಟ ಮೇಲೆ ಸಿದ್ದಗಂಗಮ್ಮ ಜಗಲಿಯಲ್ಲಿ ಕೂತು ಟವೆಲ್ಲು ಬಿಚ್ಚಿದರು. ಸಣ್ಣ ಮರಳು ಸೀರೆಯ ಮೇಲೆ ಉದುರಿತು. "ಇದೇನೇ?"

"ಮರಳುಗಾಡಿಂದು ಅತ್ತೆ. ಅವ್ರು ಒಂಟೆ ಮೇಲೆ ತಲೆಗೆ ಸುತ್ಕೊಂಡಿದ್ರು. ಹಿಂದಿಂದ ನೋಡಿದ್ರೆ ಮಾವನೇ ಕೂತಂಗಿತ್ತು."

"ಒಂಟೆ ಮ್ಯಾಲಾ?" ಮುದುಕಿಯ ತುಟಿ ನಡುಗಿತು. ಅಳುತ್ತಾರೇನೋ ಅಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎತ್ತಿನ್ ಗಾಡಿ ಹತ್ತಿದ್ರೇ ತಲೆ ತಿರುಗ್ತದೆ ಅನ್ನೋರು ಕಣೇ ಅವ್ರು!"

ನಕ್ಕು ನಕ್ಕು ಬಂದ ಕಣ್ಣೀರನ್ನು ಅದೇ ಟವೆಲ್ಲಿನಿಂದ ಒರೆಸಿಕೊಂಡರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ, ಟ್ರಂಕಿನ ಕಡೆ ನೋಡದೆ ಸೊಸೆಯ ಸೂಟ್‌ಕೇಸಿನಲ್ಲಿಟ್ಟರು.

"ಗಂಗೆಗೆ ಬುಡೋದು ಇರ್ಲಿ. ಮುಂದಿನ್ ಸಲ ನಾನೂ ಬತ್ತೀನಿ. ಒಂಟೆ ಮ್ಯಾಲೆ ಇದ್ನ ನಾನೇ ಸುತ್ಕೊತೀನಿ."