ಅವ್ವನ ಪಾಲಿನ ಹಸಿವು

ಚಿಕ್ಕಮಗಳೂರಿನ ಡಾಕ್ಟರು ನನ್ನ ಸಕ್ಕರೆ ಕಾಯಿಲೆಯ ರಿಪೋರ್ಟುಗಳನ್ನೆಲ್ಲ ತಿರುವಿ ಹಾಕಿ, ಕನ್ನಡಕ ತೆಗೆದಿಟ್ಟು, ‘ಮಾತ್ರೆ ಸಾಲ್ತಿಲ್ಲ ತುಂಗಮ್ಮ. ತೂಕ ಇಳೀಲೇಬೇಕು’ ಎಂದರು. ಆಮೇಲೆ ಪೆನ್ನಿನಂಥದೊಂದು ಇಂಜೆಕ್ಷನ್ ಬರೆದುಕೊಟ್ಟರು. ಅದು ಎರಡು ಸಾವಿರದ ಎಂಟನೇ ಇಸವಿ. ನಮ್ಮ ಕೊಟ್ಟಿಗೆಹಾರದ ಕಡೆ ಅದರ ಹೆಸರು ಕೇಳಿದವರೇ ಇರಲಿಲ್ಲ. ಬೆಳಿಗ್ಗೆ ಸಂಜೆ ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ಗಂಟೆಯೊಳಗೆ ಉಣ್ಣಬೇಕು, ಹೊಟ್ಟೆ ಸಾಕೆಂದಾಗ ಏಳಬೇಕು. ಕೊನೆಯದನ್ನು ಕೇಳಿ ನನಗೆ ನಗು ಬಂತು. ನನ್ನ ಹೊಟ್ಟೆ ಸಾಕೆಂದದ್ದನ್ನು ನಾನಂತೂ ಕೇಳಿರಲಿಲ್ಲ.

ನನ್ನ ಅವ್ವನಿಗೂ ಇದೇ ಕಾಯಿಲೆ. ಒಂದು ಕಾಲು ತೆಗೆದ ಮೇಲೆ ಹಾಸಿಗೆ ಹಿಡಿದಳು. ಕೊನೆಯ ದಿನ, ‘ಒಂದು ಕಾಯಿಕಡುಬು ಕೊಡ್ರೇ’ ಎಂದಳು. ಬೆಲ್ಲ ಆಗುವುದಿಲ್ಲವೆಂದು ಯಾರೂ ಕೊಡಲಿಲ್ಲ. ಅಂದಿನಿಂದ ಜಾವಳಿಯ ನನ್ನ ತವರಿನಲ್ಲಿ ಹಿರಿಯರ ಹಬ್ಬಕ್ಕೆ ಅವಳ ಎಡೆಯ ಮೇಲೆ ಕಾಯಿಕಡುಬಿನ ರಾಶಿಯೇ ಬೀಳುತ್ತದೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಬಾಳೆಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗಲೆಂದು ಹೊರಗೆ ಕಾಯುವುದು ನಮ್ಮ ಪದ್ಧತಿ. ಬಾಗಿಲು ತೆರೆದ ಮೇಲೆ ಅವ್ವನ ಎಲೆಯನ್ನು ಹಿರಿಮಗಳು ಉಣ್ಣಬೇಕು. ಉಳಿಸಿದರೆ ಹಿರಿಯರು ಹಸಿದು ಹೋಗುತ್ತಾರೆ. ನಾನು ಉಳಿಸಿದವಳಲ್ಲ. ಹಬ್ಬಕ್ಕಷ್ಟೇ ಅಲ್ಲ, ವರ್ಷಪೂರ್ತಿ ತಟ್ಟೆಯ ಮುಂದೆ ಕೂತಾಗಲೆಲ್ಲ ಅವ್ವನ ಪಾಲನ್ನೂ ಉಣ್ಣುತ್ತಿದ್ದೆ. ಹಾಗಂತ ಹೇಳಿದರೆ ನಮ್ಮ ಯಜಮಾನರು ಪುಟ್ಟಸ್ವಾಮಿ, ‘ಒಳ್ಳೆ ನೆಪ ಮಾರಾಯ್ತಿ’ ಎನ್ನುತ್ತಿದ್ದರು.

ಇಂಜೆಕ್ಷನ್ ಶುರುವಾದಾಗ ಮೊದಮೊದಲು ಬರೀ ವಾಕರಿಕೆ. ಬರೆದುಕೊಟ್ಟ ಡಾಕ್ಟರನ್ನೂ ಚುಚ್ಚಿಕೊಟ್ಟ ಯಜಮಾನರನ್ನೂ ಒಟ್ಟಿಗೇ ಬೈದೆ. ಅದು ಕಳೆದ ಮೇಲೆ ಎಲ್ಲವೂ ಬೇರೆಯಾಯಿತು. ನಮ್ಮದೇ ಒಲೆಯ ಮೇಲಿನ ಒಗ್ಗರಣೆಯ ಘಮ ಪಕ್ಕದ ತೋಟದ ಅಡುಗೆಮನೆಯಿಂದ ತೇಲಿ ಬಂದಂತಿರುತ್ತಿತ್ತು. ಕಾಫಿ ಗಿಡಗಳ ನಡುವೆ ನಡೆಯುವಾಗ ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಒಳಗೆ ಸದಾ ಗೊಣಗುತ್ತಿದ್ದ ಮುದುಕಿಯೊಬ್ಬಳು ಹೇಳದೆ ಕೇಳದೆ ಎದ್ದು ಹೋದಂತಿತ್ತು. ಸಕ್ಕರೆ ಇಳಿಯಿತು, ಸೀರೆಗೆ ನೆರಿಗೆ ಹೆಚ್ಚಾಯಿತು, ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಭಯ. ಹಸಿವಿನ ಜೊತೆ ಅವ್ವನೂ ಹೋದಳಲ್ಲ ಎಂದು ಅಳು ಬರುತ್ತಿತ್ತು.

ಹಬ್ಬದ ಸಂಜೆ ಜಾವಳಿಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಚುಚ್ಚಿಕೊಂಡರೆ ಅವ್ವನ ಎಲೆ ಮುಗಿಯುವುದಿಲ್ಲ. ಬಿಟ್ಟರೆ, ಬಿಡುವ ರುಚಿ ಹತ್ತಿದರೆ, ಅವ್ವನ ಕಾಲಿಗಾದದ್ದೇ ನನ್ನ ಕಾಲಿಗೂ.

‘ಇವತ್ತೊಂದಿನ ಬಿಡಿ ಅಕ್ಕ. ಅತ್ತೆ ಎಡೆ ಅಲ್ವಾ?’ ಎಂದಳು ತಮ್ಮನ ಹೆಂಡತಿ ವಿಮಲಮ್ಮ.

ನನಗೆ ಬುದ್ಧಿ ಹೇಳುವುದಕ್ಕೆ ಇವಳೊಬ್ಬಳು ಬಾಕಿಯಿದ್ದಳು. ಆ ಸಿಟ್ಟಿಗೇ ಚುಚ್ಚಿಕೊಂಡೆ.

ಎಡೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿದರು. ನಾನು ಬಾಗಿಲ ಪಕ್ಕ ಗೋಡೆಗೊರಗಿ ಕೂತೆ. ಸಂದಿಯಿಂದ ಸಾಂಬ್ರಾಣಿ ಹೊಗೆ ಎಳೆಎಳೆಯಾಗಿ ಬರುತ್ತಿತ್ತು. ಕಣ್ಣು ಎಳೆಯಿತು.

ಕಾಫಿ ಒಣಗಿಸುವ ಕಣದ ಮೇಲೆ ಅವ್ವ ನಡೆದು ಬಂದಳು, ಎರಡೂ ಕಾಲಲ್ಲಿ. ನನ್ನ ಸೀರೆಯ ನೆರಿಗೆ ನೋಡಿ ಮುಗುಳ್ನಕ್ಕು, ಮುಚ್ಚಿದ ಬಾಗಿಲಲ್ಲೇ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಎಲೆಯ ಮುಂದೆ ಕೂತು ಒಂದು ಕಡುಬು ಮುರಿದಳು. ಬೆರಳಿಗಿಳಿದ ಬೆಲ್ಲವನ್ನು ನಿಧಾನವಾಗಿ ನೆಕ್ಕಿದಳು. ಇನ್ನೊಂದು ಬಡಿಸಲು ಹೋದರೆ ಎರಡೂ ಕೈ ಎಲೆಗೆ ಅಡ್ಡ ಹಿಡಿದಳು.

‘ಸಾಕು ಕಣೇ. ನಾ ಕೇಳಿದ್ದು ಒಂದೇ ಅಲ್ವಾ.’

ಎಚ್ಚರವಾದಾಗ ವಿಮಲಮ್ಮ ಬಾಗಿಲು ತೆರೆಯುತ್ತಿದ್ದಳು. ಕಡುಬಿನ ರಾಶಿ ಇಟ್ಟಂತೆಯೇ ಇತ್ತು. ನಾನು ಎಲೆಯ ಮುಂದೆ ಕೂತು ಒಂದನ್ನು ಮುರಿದೆ. ಅವ್ವ ತಿಂದಷ್ಟೇ ನಿಧಾನವಾಗಿ ತಿಂದೆ. ಎಷ್ಟೋ ವರ್ಷಗಳ ಮೇಲೆ ಕಾಯಿಕಡುಬಿನ ರುಚಿ ಗೊತ್ತಾಯಿತು.

‘ಅಷ್ಟೇನಾ ಅಕ್ಕ? ಅತ್ತೆ ಹಸ್ಕೊಂಡು ಹೋಗ್ತಾರೆ’ ಎನ್ನುತ್ತ ವಿಮಲಮ್ಮ ಇನ್ನೊಂದನ್ನು ಎತ್ತಿ ನನ್ನ ಮುಂದೆ ಇಡಲು ಬಂದಳು.

ನಾನು ಎರಡೂ ಕೈ ಅಡ್ಡ ಹಿಡಿದೆ.

‘ಅವ್ವ ಕೇಳಿದ್ದು ಒಂದೇ, ವಿಮಲಾ. ಅವತ್ತು ಅದೊಂದನ್ನ ಕೊಡ್ಬೋದಿತ್ತು ನಾವು.’

ವಿಮಲಮ್ಮನ ಕೈ ಅಲ್ಲೇ ನಿಂತಿತು. ಬಡಿಸಲೂ ಆಗದೆ, ರಾಶಿಗೆ ವಾಪಸ್ ಇಡಲೂ ಆಗದೆ, ಕಡುಬನ್ನು ಹಿಡಿದುಕೊಂಡೇ ನನ್ನ ಪಕ್ಕ ಕುಕ್ಕರಿಸಿದಳು.