ಕಂಪೋಜಿಟರ್‌ಗೆ ಪೂರ್ತಿ ಕಾಪಿ

"ಒಪ್ಪಲಿಲ್ರಿ ಚಾಚಾ," ಎಂದಳು ಪ್ರೆಸ್ಸಿನ ಕಂಪ್ಯೂಟರ್ ನೋಡಿಕೊಳ್ಳುವ ಸುಮೇರಾ. ಕಂಪ್ಯೂಟರಿನ ಹೊಸ ಪರದೆಯ ಮೇಲೆ ಉರ್ದು ಸಾಲುಗಳು ಇರುವೆಗಳ ಹಾಗೆ ಸಣ್ಣಗೇ ಉಳಿದಿದ್ದವು.

ಫಕ್ರುಸಾಬರು ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. ಸವಣೂರಿನ ಈ ಪ್ರೆಸ್ಸಿನಲ್ಲಿ ಅವರದು ಮೂವತ್ತೆಂಟು ವರ್ಷ. ಮೊದಲು ಕಾಪಿ, ಅಂದರೆ ಅಚ್ಚಿಗೆ ಬಂದ ಬರಹ, ನೋಡಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೊಳೆಗಳ ಕಾಲ ಮುಗಿದ ಮೇಲೆ ಕನ್ನಡ, ಉರ್ದು ಎರಡರ ಪ್ರೂಫ್ ನೋಡುತ್ತಿದ್ದರು. ಹೋದ ವಾರ ಒಂದು ಮದುವೆ ಕಾರ್ಡಿನಲ್ಲಿ ಉರ್ದುವಿನ 'ಜ', ಅಂದರೆ ಜೀಮ್ ಅಕ್ಷರದ ಚುಕ್ಕಿ ಬಿಟ್ಟುಹೋದದ್ದು ಅವರಿಗೆ ಕಾಣಲಿಲ್ಲ. ಮದುಮಗಳು ಜಮೀಲಾ ನಾಲ್ಕುನೂರು ಕಾರ್ಡುಗಳಲ್ಲಿ ಹಮೀಲಾ ಆದಳು. ಹುಡುಗಿಯ ಮನೆಯವರು ನಕ್ಕುಬಿಟ್ಟರು. ಫಕ್ರುಸಾಬರು ನಗಲಿಲ್ಲ. ಮುಂದಿನ ಪ್ರೂಫ್ ಓದಲಾಗದಿದ್ದರೆ ಇನ್ನು ಬರುವುದಿಲ್ಲ ಎಂದು ಮಾಲೀಕ ಮುಜಾಫರನಿಗೆ ಹೇಳಿದ್ದರು. ಅವನು ಹುಬ್ಬಳ್ಳಿಯಿಂದ ದೊಡ್ಡ ಪರದೆ ತಂದು, ಕಿಟಕಿಯ ಬಳಿ, ಸುಮೇರಾಳ ಎಡಕ್ಕೆ ಇಟ್ಟು, ಕುರ್ಚಿಗೊಂದು ದಿಂಬು ಹಾಕಿದ್ದ.

ಅದರಲ್ಲಿ ಅಕ್ಷರಗಳನ್ನು ದೊಡ್ಡದಾಗಿಸುವ ಪುಟ್ಟ ಪ್ರೋಗ್ರಾಮನ್ನು ಸುಮೇರಾ ತಾನೇ ಬರೆದಿದ್ದಳು.

"ಬಿಡವ್ವಾ. ಯಾರು ಒಪ್ಪವಲ್ರು?"

"ಪರದಿ ನಾನು ನೇರ ಮುಟ್ಟಾಕ ಬರೂದಿಲ್ರಿ. ಯಾವ ಪರದಿ ಮ್ಯಾಲೆ ಏನು ಎಲ್ಲಿ ಕಾಣಬೇಕು ಅಂತ ಜೋಡಸಾಂವ ಕಂಪ್ಯೂಟರ್ ಒಳಗೊಬ್ಬ ಅದಾನ. ಅವಗ ಅರ್ಜಿ ಕೊಡಬೇಕು. ಒಪ್ಪಿದ್ರ ಎಲ್ಲಾ ಒಮ್ಮಿಗೇ ಬದಲಿ. ಇಲ್ಲಂದ್ರ ಏನೂ ಇಲ್ಲ. ಅವಗ ಕಂಪೋಜಿಟರ್ ಅಂತಾರ್ರಿ."

"ಏನಂತಾರ?"

"ಕಂಪೋಜಿಟರ್."

"ಅರೆ! ಇಡೀ ಸವಣೂರ ನನಗ ಹಂಗ ಕರೀತಿತ್ತು. ನನ್ನ ಹೆಸರ ಕದ್ದಾನಲ್ಲ ಮಗಾ!" ಚೀಲ ಇಳಿಸದೆಯೇ ಅವರು ಕುರ್ಚಿಯ ಅಂಚಿಗೆ ಕೂತರು. "ಏನಂತ ಕಾಪಿ ಕೊಟ್ಟೀ ಅವಗ? ಓದು."

"ಹೊಸಾ ಪರದಿ ಎಡಕ್ಕ ಇರ್ಲಿ, ಅಕ್ಷರ ಎರಡು ಪಟ್ಟು ಆಗ್ಲಿ."

"ನಿನ್ನ ಹಳೇ ಪರದಿ?"

"ಅದರದೇನೂ ಬರದಿಲ್ರಿ. ಅದು ಇದ್ದಂಗ ಇರ್ಲಿ ಅಂತ."

"ಇದ್ದಂಗ ಇರ್ಲಿ ಅಂತ ಬರದೀಯೇನ?"

ಸುಮೇರಾ ಕಳಿಸಿದ್ದ ಅರ್ಜಿಯನ್ನು ಮತ್ತೆ ತೆರೆದು ನೋಡಿದಳು. ಬರೆದಿರಲಿಲ್ಲ.

"ಅರ್ಧಾ ಪುಟದ ಕಾಪಿ ಕೊಟ್ರ ನಾನೂ ತಿರುಗಿ ಒಗೀತಿದ್ದೆ. ಖಾಲಿ ಜಾಗಕ್ಕೂ ಸೀಸ ತುಂಬಬೇಕವ್ವಾ. ಇಲ್ಲಂದ್ರ ಚೌಕಟ್ಟು ಎತ್ತಿದ ಕೂಡ್ಲೆ ಮೊಳಿ ಎಲ್ಲಾ ಉದುರ್ತಾವ."

ಅವಳು ನಿಯಮಗಳ ಪುಟ ತೆರೆದು ಬೆರಳಿಟ್ಟು ಓದಿದಳು. ಚಾಚಾ ಹೇಳಿದ್ದೇ ಅಲ್ಲಿತ್ತು. ಇರುವ ಪರದೆಗಳಲ್ಲಿ ಒಂದನ್ನೂ ಬಿಡದೆ ಹೆಸರಿಸಬೇಕು. ಬಂದ್ ಇಡುವುದಿದ್ದರೂ ಬಂದ್ ಎಂದೇ ಹೇಳಬೇಕು. ಹಳೆಯ ಪರದೆಯ ಅಳತೆ, ಜಾಗ ಎರಡನ್ನೂ ಬರೆದು ಸೇರಿಸಿ ಮತ್ತೆ ಕಳಿಸಿದಳು.

ಎರಡೂ ಪರದೆ ಒಮ್ಮೆಲೇ ಕಪ್ಪಾದವು. ಚಹಾದ ಗ್ಲಾಸು ಹಿಡಿದು ಬಂದ ಮುಜಾಫರ ಬಾಗಿಲಲ್ಲೇ ನಿಂತ. ಆಮೇಲೆ ಎರಡೂ ಬೆಳಗಿದವು.

"ನಿಮ್ಮ ಜಾತಿಯಾಂವ ಒಪ್ಪಿದಾನ್ರಿ ಚಾಚಾ," ಎಂದು ನಕ್ಕಳು ಸುಮೇರಾ. ಮೌಸಿನ ಬಾಣದ ಗುರುತು ಅವಳ ಪರದೆಯ ಎಡ ಅಂಚನ್ನು ದಾಟಿ ಅವರ ಪರದೆಗೆ ಹೋಗಿ, ಉರ್ದು ಸಾಲಿನ ಬಲತುದಿಯಲ್ಲಿ ನಿಂತಿತು.

ಫಕ್ರುಸಾಬರು ತುಟಿ ಅಲ್ಲಾಡಿಸುತ್ತ ಓದತೊಡಗಿದರು. ಹೆಗಲಿನ ಚೀಲ ಜಾರಿ ನೆಲಕ್ಕೆ ಬಿದ್ದದ್ದು ಅವರ ಗಮನಕ್ಕೆ ಬರಲಿಲ್ಲ. ಮೂರನೆಯ ಸಾಲಿನಲ್ಲಿ ನಿಂತರು. ಜೀಮ್ ಅಕ್ಷರದ, ಜೋಳದ ಕಾಳಿನಷ್ಟು ದಪ್ಪ ಚುಕ್ಕಿಯ ಮೇಲೆ ಬೆರಳಿಟ್ಟರು.

"ಐತಿ," ಎಂದರು.

ಬೆರಳು ತೆಗೆದಾಗ ಹೊಸ ಪರದೆಯ ಮೇಲೆ ಮಸುಕಾದ ಒಂದು ಗುರುತು ಉಳಿಯಿತು. ಒರೆಸುವ ಬಟ್ಟೆ ಸುಮೇರಾಳ ಕೈಯಲ್ಲೇ ಇತ್ತು. ಅವಳು ಗುರುತನ್ನು ಒರೆಸದೆ ಬಟ್ಟೆಯನ್ನು ಮಡಚಿ ಖಾನೆಯಲ್ಲಿಟ್ಟಳು.